ಕಿವಿತಮಟೆ

ನಾನಿನ್ನೂ ಡಬ್ಬಿಯನ್ನು ಮುಟ್ಟಿಯೇ ಇಲ್ಲ, ಅದರ ಬಾಯಿಗೆ ಬಿಗಿದ ಬಲೂನಿನ ಮೇಲೆ ರಾಗಿ ಕಾಳುಗಳು ಆಗಲೇ ಎಗರುತ್ತಿವೆ, ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಬಿದ್ದಾಗಲೆಲ್ಲ, ಧಡ್, ಮತ್ತೆ ಧಡ್, ಮಿಸ್ ನೀವು ಸುಮ್ನಿರಿ, ಪ್ರೆಸ್ಸೇ ಪಾಠ ಮಾಡುತ್ತೆ, ಅನ್ನುತ್ತಾನೆ ಹನುಮೇಶ, ಎಂಟನೇ ಕ್ಲಾಸು ಗೊಳ್ಳೆನ್ನುತ್ತದೆ, ನಾನೂ ನಗಬೇಕು, ನೋಡಿ ಮಕ್ಕಳೇ, ಕಿವಿಯೊಳಗೂ ಹೀಗೇ ಬಿಗಿದ ತೆಳು ಚರ್ಮ, ಕಿವಿತಮಟೆ, ಗಾಳಿ ಜೋರಾಗಿ ಬಡಿದರೆ ಹರಿಯುತ್ತದೆ — ಈ ಸಾಲು ಪುಸ್ತಕದಲ್ಲಿಲ್ಲ, ಯಾಕೆ ಹೇಳಿದೆ. ಎರಡನೇ ಬೆಂಚಿನ ಶಿವಗಂಗಾ ನಗುತ್ತಿಲ್ಲ. ಸೋಮವಾರ ನಕ್ಕಿದ್ದಳು, ಅಷ್ಟೇ ಅವಳು ಮಾಡಿದ್ದು, ಭೌತ ರಸಾಯನ ಜೀವ ಮೂರಕ್ಕೂ ನಾನೊಬ್ಬಳೇ, ಐದು ಪೀರಿಯಡ್ ಪ್ರೆಸ್ಸಿನ ಮೇಲೆ ಕೂಗಿ ಗಂಟಲು ಹರಿದಿತ್ತು, ಬೆನ್ನ ಹಿಂದೆ ಕಿಸಕ್ಕೆಂದಿತು, ತಿರುಗಿದೆ, ತೆರೆದ ಅಂಗೈ, ಅವಳ ಎಡಗಿವಿಯ ಮೇಲೆ, ಇಡೀ ತೋಳಿನ ಬಲ, ತಲೆ ಗೋಡೆಗೆ ಬಡಿದು ವಾಪಸು ಬಂತು. ಆಮೇಲೆ ಐವತ್ತು ಮಕ್ಕಳು ಉಸಿರು ಹಿಡಿದ ಆ ನಿಶ್ಶಬ್ದ ನನಗೆ ಹಿತವಾಗಿತ್ತು, ಕೈ ಬಿಸಿಯಾಗಿತ್ತು, ಇನ್ನೊಂದು ಕೊಡಬೇಕೆನ್ನಿಸಿತು, ಕೊಟ್ಟೆ.

ಬಲಗಿವಿ ಮುಚ್ಚಿಕೊಳ್ಳಿ, ಎನ್ನುತ್ತೇನೆ, ಶ್ರುತಿಕವೆಯನ್ನು, ಆ ಎರಡು ಕವಲಿನ ಕಬ್ಬಿಣದ ಕಡ್ಡಿಯನ್ನು, ರಬ್ಬರಿಗೆ ತಟ್ಟಿ ಒಬ್ಬೊಬ್ಬರ ಎಡಗಿವಿಯ ಹತ್ತಿರ ಹಿಡಿಯುತ್ತೇನೆ, ಕೇಳಿಸ್ತಾ, ಹ್ಞೂಂ ಮಿಸ್, ಜೇನು ಹಾಡಿದಂಗೈತೆ ಮಿಸ್, ಶಿವಗಂಗಾಳ ಬಳಿ ಬರುತ್ತೇನೆ, ಕಿವಿಯಲ್ಲಿ ಹತ್ತಿ, ಹತ್ತಿಯ ಅಂಚಿನಲ್ಲಿ ಹಳದಿ ಕೀವು, ಕವೆಯನ್ನು ಹಿಡಿಯುತ್ತೇನೆ, ಕೇಳತೈತ್ರಿ ಮಿಸ್, ಎಂದುಬಿಟ್ಟಳು. ನಾನಿನ್ನೂ ಅದನ್ನು ತಟ್ಟಿರಲಿಲ್ಲ. ಸುಮ್ಮನಿದ್ದ ಕಬ್ಬಿಣ. ಮತ್ತೆ ಹಿಡಿದೆ, ತಟ್ಟದೆಯೇ, ಚಲೋ ಕೇಳತೈತ್ರಿ, ಕಣ್ಣು ನನ್ನ ಕೈ ಮೇಲೇ ಇದೆ. ಅಪ್ಪ ಅಮ್ಮನ ಕಿವಿಗೆ ಹೊಡೆದಾಗಲೂ ಸೋಮವಾರದ ಅದೇ ಸದ್ದು, ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಹಾಗೆ, ಆಮೇಲೆ ಅಮ್ಮ ಜೀವಮಾನವಿಡೀ ಪ್ರತಿ ಮಾತಿಗೂ ಆಂ, ಆಂ, ಅನ್ನುತ್ತಿದ್ದಳು, ನಾವು ಮಕ್ಕಳು ಅದನ್ನೇ ಅಣಕಿಸಿ ನಗುತ್ತಿದ್ದೆವು, ನಮ್ಮ ಜೊತೆ ಅವಳೂ ನಗುತ್ತಿದ್ದಳು, ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಕಿವಿಯ ಚಿತ್ರ ಬರೆದಿದ್ದೇನೆ, ಒಮ್ಮೆಯೂ ಅದು ಅಮ್ಮನ ಕಿವಿ ಅನ್ನಿಸಲಿಲ್ಲ. ನೋಡಿ ಮೇಡಂ, ಮಕ್ಳನ್ನ ಹೊಡೀಬಾರ್ದು ಅಂತ ಕಾನೂನು ಬಂದು ಎರಡು ವರ್ಷ ಆಯ್ತು, ಮಂಗಳವಾರ ಹೆಡ್‌ಮಾಸ್ಟರ್ ಸಿದ್ದಲಿಂಗಯ್ಯ ಬಾಗಿಲು ಹಾಕಿಕೊಂಡು ಹೇಳಿದ್ದರು, ಕಂಪ್ಲೇಂಟ್ ಆದ್ರೆ ನೀವು ಮನೆಗೆ, ನಾನು ಸ್ಟೇಷನ್‌ಗೆ, ಹುಡುಗಿ ಮನೇಲಿ ಬಾಯಿ ಬಿಟ್ಟಿಲ್ಲ, ನೀವೂ ಬಿಡ್ಬೇಡಿ.

ಬಾಗಿಲಲ್ಲಿ ಯಾರೋ, ಅವಳ ತಾಯಿ ಮಲಕವ್ವ, ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಲ್ಲೇ ಇದೆ, ಇವಳಿಗೆ ಗೊತ್ತಾಗಿದೆ, ಆದರೆ ಅವಳು ಕೈ ಮುಗಿಯುತ್ತಾಳೆ, ಇಕಿಗಿ ಸೊಕ್ಕು ಬಂದೈತ್ರಿ ಮಿಸ್, ಮೂರ್ ದಿನಾತು, ಕರದ್ರ ತಿರುಗಿ ನೋಡವಲ್ಲಳ್ರೀ, ಕಿವಿ ಗುಂಯ್ ಅಂತೈತಿ ಅಂತ ನಾಟಕ, ನಿನ್ನಿ ಹಿಂದಿಂದ ಹೋಗಿ ಬಲಕ್ಕ ಒಂದು ಬಿಗದೀನಿ, ನಿಮಗ ಅಂಜತಾಳ, ನೀವೂ ನಾಕು ಬಿಗೀರಿ, ನಾ ಏನೂ ಅನ್ನಂಗಿಲ್ಲ. ಬಲಕ್ಕೆ. ಉಳಿದದ್ದು ಅದೊಂದೇ. ಬಾಯಿ ಬಿಟ್ಟರೆ ನನ್ನ ಕೆಲಸ, ಬಿಡದಿದ್ದರೆ ಇವತ್ತು ರಾತ್ರಿಯೋ ನಾಳೆಯೋ ಆ ಇನ್ನೊಂದು ತಮಟೆ. ಏ ಗಂಗೀ, ಎಂದು ಕರೆಯುತ್ತಾಳೆ ಮಲಕವ್ವ, ಬಾಗಿಲು ಎಡಕ್ಕಿದೆ, ಪ್ರೆಸ್ ಧಡ್ ಎನ್ನುತ್ತಿದೆ, ಶಿವಗಂಗಾ ಪುಸ್ತಕ ನೋಡುತ್ತಲೇ ಇದ್ದಾಳೆ, ನೋಡ್ರಿ ನೋಡ್ರಿ ಇಕಿ ಸೊಕ್ಕ, ತಾಯಿ ಬೆಂಚುಗಳ ನಡುವೆ ನುಗ್ಗಿ ಕೈ ಎತ್ತಿಯಾಯಿತು, ಸೊಕ್ಕಲ್ಲಮ್ಮಾ, ಅವಳಿಗೆ ಆ ಕಿವಿ ಕೇಳಿಸಲ್ಲ, ನಾನು ಹೊಡ್ದೆ, ಸೋಮವಾರ, ಎರಡು ಸಲ, ತಮಟೆ ಒಡ್ದಿದ್ದು ನಾನೇ — ಹೇಳಿಬಿಟ್ಟೆ, ಐವತ್ತು ಮಕ್ಕಳ ಎದುರು, ಮಲಕವ್ವನ ಕೈ ಗಾಳಿಯಲ್ಲೇ ನಿಂತಿದೆ, ನನ್ನ ಮುಖಕ್ಕೆ ಬರಲಿ, ಬರಲಿ ಎಂದು ಕಾಯುತ್ತೇನೆ, ಬರುತ್ತಿಲ್ಲ, ಈಗ ಮಗುವಿನ ತಲೆಯನ್ನಾದರೂ ಸವರೋಣವೆಂದು ಕೈ ಚಾಚುತ್ತೇನೆ, ಪ್ರೆಸ್ಸಿನ ಸದ್ದಿನಲ್ಲಿ, ಎಡಗಡೆ ನಿಂತು ನಾನು ಹೇಳಿದ್ದು ಶಿವಗಂಗಾಳಿಗೆ ಏನೂ ಕೇಳಿಸಿಲ್ಲ, ಅವಳು ಕಂಡದ್ದು ಬರುತ್ತಿರುವ ನನ್ನ ಕೈ ಮಾತ್ರ, ಅಳಲಿಲ್ಲ, ಓಡಲಿಲ್ಲ, ಬಲಗಿವಿಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಹಾಳಾದದ್ದನ್ನೇ ತೆಗೆದುಕೊಳ್ಳಿ ಎಂಬಂತೆ, ಎಡಗೆನ್ನೆಯನ್ನು ನನ್ನ ಕಡೆಗೆ ಒಡ್ಡಿದಳು, ಎಡಗೆನ್ನೆ, ಹತ್ತಿ ತುರುಕಿದ ಎಡಗಿವಿ, ನನ್ನ ಕಡೆಗೆ, ಎಡಗೆನ್ನೆ —