ಕಿವಿ ತುದಿಯ ಬಣ್ಣ

ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ನಮ್ಮತ್ತೆ ಚೂಡಾಮಣಿಯವರು ಅವಳ ಮುಖ ನೋಡಲಿಲ್ಲ. ಟೋಪಿ ಸರಿಸಿ, ಕಿವಿ ಮಡಚಿ, ಅದರ ತುದಿ ನೋಡಿದರು. ಹುಟ್ಟಿದ ಮಗು ಮುಂದೆ ಯಾವ ಬಣ್ಣಕ್ಕೆ ಬರುತ್ತದೆ ಅನ್ನುವುದನ್ನು ಕಿವಿ ತುದಿ ಹೇಳುತ್ತದಂತೆ! ಜಯನಗರದ ಆ ನರ್ಸಿಂಗ್ ಹೋಮಿನಲ್ಲಿ, ಹೊಲಿಗೆಯ ನೋವಲ್ಲಿ ಮಗ್ಗುಲು ಬದಲಿಸಲಾಗದೆ ಮಲಗಿದ್ದ ನನ್ನೆದುರಿಗೇ, ಅಂಗಡಿಯಲ್ಲಿ ಮಾವಿನಹಣ್ಣು ತಿರುಗಿಸಿ ನೋಡುವ ಹಾಗೆ ನೋಡಿದರು.

"ಲಕ್ಷಣವಾಗಿದಾಳೆ. ಬಣ್ಣ ಸ್ವಲ್ಪ ಕಮ್ಮಿ ಅಷ್ಟೆ. ಕೇಸರಿ ಹಾಲು ಕುಡೀತಿದ್ದೆ ತಾನೆ ಶಾಲಿನಿ?"

ಕುಡಿದಿದ್ದೆ. ಕುಡಿದು ಕುಡಿದು ವಾಕರಿಕೆ ಬಂದಿತ್ತು. ನಾನು ಬೇಗೂರಿನವಳು, ಕಪ್ಪಗಿದ್ದೇನೆ. ನಮ್ಮಮ್ಮ ಕಪ್ಪು, ನಮ್ಮ ತಾತ ಕಪ್ಪು. ನನ್ನ ಗಂಡ ವಿಶ್ರುತ್ ನನ್ನನ್ನು ಕತ್ತಲಲ್ಲಿ ನೋಡಿ ಮದುವೆಯಾದದ್ದೇನಲ್ಲ. ಕೇಸರಿ ಹಾಕಿದ ಮಾತ್ರಕ್ಕೆ ಮಗು ಬೆಳ್ಳಗೆ ಹುಟ್ಟುವುದಿದ್ದರೆ ಕೇಸರಿ ಮಾರುವವರ ಮನೆಯಲ್ಲಿ ಎಲ್ಲರೂ ಸುಣ್ಣದ ಹಾಗಿರಬೇಕಿತ್ತು. ಅಷ್ಟರಲ್ಲಿ ಮಗಳು ಅತ್ತಳು. ಎಂಥ ಅಳು! ವಿಶ್ರುತ್ ಕಣ್ಣು ಮುಚ್ಚಿಕೊಂಡು ಕೇಳಿ, ಅಲ್ಲೇ ಹೆಸರು ಹೇಳಿಬಿಟ್ಟ: ಇಂಚರ.

ಬಾಣಂತನಕ್ಕೆ ಬೇಗೂರಿಗೆ ಬಂದೆ. ಒಂದು ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ನಮ್ಮಮ್ಮ ಮುನಿವೆಂಕಟಮ್ಮ ಕೂಗಿಕೊಂಡಳು.

"ಶಾಲಿನಿ, ಬಾರೇ ಇಲ್ಲಿ! ಕೂಸು ಬಣ್ಣ ತಿರುಗ್ತಾ ಐತೆ ಕಣೇ!"

ಹೋಗಿ ನೋಡಿದೆ. ಕಿವಿ ತುದಿಗಳು ಹೊಂಬಣ್ಣಕ್ಕೆ ತಿರುಗಿದ್ದವು. ಅಮ್ಮ ಫೋಟೋ ತೆಗೆದು ಅತ್ತೆಗೆ ಕಳಿಸಿದಳು. "ಈಗ ಏನ್ ಮಾತಾಡ್ತಾರೋ ಮಾತಾಡ್ಲಿ ನೋಡಾನ" ಎಂದಳು. ಬೀಗರ ಮಾತನ್ನು ಮದುವೆಯ ದಿನದಿಂದ ನುಂಗಿಕೊಂಡು ಬಂದಿದ್ದ ಜೀವ ಅದು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಇವತ್ತಿಗೂ ಆಗುವುದಿಲ್ಲ. ಅತ್ತೆ ಆ ಫೋಟೋವನ್ನು ಇನ್ನಷ್ಟು ಬೆಳ್ಳಗೆ ಮಾಡಿ ಮನೆಯವರ ಗ್ರೂಪಿಗೆ ಹಾಕಿದರು. ಚಿನ್ನದಂಥ ಮೊಮ್ಮಗಳು ಎಂದು ಬರೆದರು. ನೆಂಟರೆಲ್ಲ ಹೃದಯದ ಗುರುತು ಹಾಕಿದರು.

ಆದರೆ ಮಗು ಹಾಲು ಕುಡಿಯುತ್ತಿರಲಿಲ್ಲ. ಎದೆಗೆ ಹಚ್ಚಿದರೆ ಒಂದೆರಡು ಸಲ ಚೀಪಿ ನಿದ್ದೆಗೆ ಜಾರುತ್ತಿದ್ದಳು. ಅಂಗಾಲು ತಟ್ಟಿದರೂ ಏಳುತ್ತಿರಲಿಲ್ಲ. ಬಾಣಂತಿ ಹೊಸಿಲು ದಾಟಬಾರದು ಎಂದು ಅಮ್ಮ ಎಷ್ಟು ಹೇಳಿದರೂ ಕೇಳದೆ, ಕಿವಿಗೆ ಹತ್ತಿ ಇಟ್ಟುಕೊಂಡು ಆಟೋ ಹತ್ತಿದೆ.

ಅದೇ ನರ್ಸಿಂಗ್ ಹೋಮಿನ ಮಕ್ಕಳ ಡಾಕ್ಟರು ನಚಿಕೇತ. ಅತ್ತೆಯೂ ಬಂದಿದ್ದರು. ನಮಗಿಂತ ಮುಂಚೆ ಒಳಗೆ ಹೋದದ್ದು ಹಾಲಿನಂಥ ಬಿಳಿ ಮಗು. ಬಾಗಿಲು ತೆರೆದೇ ಇತ್ತು. ಕುರ್ಚಿಯಿಂದ ಏಳುವ ಮೊದಲೇ ಡಾಕ್ಟರು, "ಹಳದಿ ಇದೆ, ಕಾಮಾಲೆ. ಬ್ಲಡ್ ಟೆಸ್ಟ್ ಮಾಡ್ಸಿ, ಇವತ್ತೇ ಲೈಟ್ ಕೆಳಗೆ ಇಡೋಣ" ಎಂದರು. ಎಳೆ ಮಕ್ಕಳ ಕಾಮಾಲೆ ನೀಲಿ ದೀಪದಡಿ ಮಲಗಿಸಿದರೆ ಇಳಿಯುತ್ತದೆ. ಅಷ್ಟೇ ಸುಲಭದ ಮದ್ದು.

ನಮ್ಮ ಸರದಿ ಬಂತು.

"ಸಾರ್, ಹಾಲೇ ಕುಡೀತಿಲ್ಲ. ಬರೀ ನಿದ್ದೆ. ಇವಳಿಗೂ ಆ ಟೆಸ್ಟ್ ಮಾಡ್ಸಿ."

ಅವರು ಮಗುವಿನ ಎದೆಯ ಮೇಲೆ ಬೆರಳೊತ್ತಿ ನೋಡಿದರು. "ಏನಿಲ್ಲ ಮೇಡಂ. ಕಾಮಾಲೆ ಇದ್ರೆ ನೋಡಿದ ತಕ್ಷಣ ಎದ್ದು ಕಾಣುತ್ತೆ."

"ಬಣ್ಣ ತಿರುಗ್ತಿದೆ ಅಲ್ವಾ ಡಾಕ್ಟ್ರೇ?" ಅತ್ತೆ ಕಿವಿ ಮಡಚಿ ತೋರಿಸಿದರು.

ಡಾಕ್ಟರು ಬಗ್ಗಿ ನೋಡಿ ನಕ್ಕರು. "ಹೂಂ, ಬಣ್ಣ ತಿರುಗ್ತಿದೆ. ಅಜ್ಜಿ ಕಡೆ ಬರ್ತಾಳೆ ಬಿಡಿ."

ಟೆಸ್ಟ್ ಮಾಡಿಸಿ ಎಂದು ನಾನು ಮತ್ತೆ ಕೇಳಿದೆ. ಡಾಕ್ಟರು, "ಹಿಮ್ಮಡಿಗೆ ಸೂಜಿ ಚುಚ್ಚಿ ಸುಮ್ನೆ ಯಾಕೆ ಅಳಿಸ್ತೀರಾ? ಮೊದಲನೇ ಮಗು, ಭಯ ಸಹಜ. ನಿಮ್ಮ ಕಡೆಯವರು ಗಟ್ಟಿ ಜನ, ಮಕ್ಕಳೂ ಗಟ್ಟಿ" ಎಂದು ಗಂಟೆ ಒತ್ತಿದರು. ಮುಂದಿನವರು ಒಳಗೆ ಬಂದೇಬಿಟ್ಟರು.

ಮಾರನೆಯ ದಿನ ಇಂಚರ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಚೀರತೊಡಗಿದಳು. ಅದು ಹುಟ್ಟಿದ ದಿನದ ಅಳು ಅಲ್ಲ. ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿಯ ಡಾಕ್ಟರಮ್ಮ ಬಣ್ಣಗಿಣ್ಣ ನೋಡಲಿಲ್ಲ, ಮೊದಲು ರಕ್ತ ತೆಗೆದಳು. ಕಾಮಾಲೆ ಮಿದುಳಿಗೆ ಏರಿತ್ತು. ಮೈಯ ರಕ್ತವನ್ನೆಲ್ಲ ಬದಲಿಸಿದರು. ಜೀವ ಉಳಿಯಿತು. ಆಮೇಲೊಂದು ದಿನ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿ, ಆ ಕಾಮಾಲೆಯಿಂದಾಗಿ ಎರಡು ಕಿವಿಯೂ ಕೇಳುವುದಿಲ್ಲ ಎಂದರು.

ವಿಶ್ರುತ್ ಅವತ್ತಿನಿಂದ ಮಗಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟ. ಪಾಪು ಅನ್ನುತ್ತಾನೆ.

ಮೊನ್ನೆ ನಚಿಕೇತ ಅವರೇ ಫೋನ್ ಮಾಡಿ ಬರಹೇಳಿದರು. ಕ್ಷಮೆ ಕೇಳುತ್ತಾರೇನೋ ಎಂದು ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಹೋದೆ. ನನ್ನ ಹುಚ್ಚು!

"ನಾವು ಓದಿದ ಪುಸ್ತಕದಲ್ಲೆಲ್ಲ ಬಿಳಿ ಮಕ್ಕಳ ಫೋಟೋನೇ ಮೇಡಂ. ಕಪ್ಪು ಮಕ್ಕಳಲ್ಲಿ ಕಾಮಾಲೆ ಹೇಗಿರುತ್ತೆ ಅಂತ ಯಾರೂ ತೋರಿಸ್ಲಿಲ್ಲ. ಅದರ ಮೇಲೇ ಒಂದು ರಿಸರ್ಚ್ ಪೇಪರ್ ಬರೀತಿದೀನಿ. ಆ ವಾರದ ಫೋಟೋ ಇದ್ರೆ ಕೊಡಿ. ಹೆಸರು ಹಾಕಲ್ಲ. ಮುಂದಿನ ಮಕ್ಕಳಿಗೆ ಉಪಕಾರ ಆಗುತ್ತೆ."

ಅತ್ತೆ ತಮ್ಮ ಫೋನ್ ತೆರೆದರು. ತಾವೇ ಬೆಳ್ಳಗೆ ಮಾಡಿದ್ದ ಆ ಫೋಟೋದಲ್ಲಿದ್ದದ್ದು ಯಾರದೋ ಬಿಳಿ ಮಗು. ತಕ್ಷಣ ಮುಚ್ಚಿಟ್ಟರು. ನಮ್ಮಮ್ಮ ತೆಗೆದಿದ್ದ ಫೋಟೋವನ್ನು ನಾನು ನನ್ನ ಫೋನಿನಲ್ಲಿ ತೆರೆದು ಡಾಕ್ಟರ ಮೇಜಿನ ಮೇಲಿಟ್ಟೆ.

"ಕಾಣುತ್ತಾ ಸಾರ್?"

ಅವರು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಕಾಣುತ್ತೆ. ಕಿವಿ ತುದೀಲಿ."

"ಅವತ್ತೂ ಕಂಡಿತ್ತು. ನಮ್ಮಮ್ಮಂಗೆ ಕಂಡಿತ್ತು, ಇವರಿಗೆ ಕಂಡಿತ್ತು, ನಿಮಗೂ ಕಂಡಿತ್ತು. ಪುಸ್ತಕದ ಮೇಲೆ ಯಾಕೆ ಹಾಕ್ತೀರಾ? ಹಳದಿ ಆ ಬಿಳಿ ಮಗೂಗೆ ಬಂದ್ರೆ ಕಾಯಿಲೆ, ನನ್ನ ಮಗಳಿಗೆ ಬಂದ್ರೆ ಅಂದ!" ನನ್ನ ಧ್ವನಿ ಹೊರಗಿನ ಸಾಲಿಗೂ ಕೇಳಿಸಿರಬೇಕು. ಕೇಳಿಸಲಿ. "ಫೋಟೋ ಕೊಡ್ತೀನಿ ತಗೊಳ್ಳಿ. ಅದರ ಕೆಳಗೆ ಈ ಮಾತನ್ನೂ ಬರೀರಿ. ಹಾಲು ಕುಡೀತಿಲ್ಲ ಅಂತ ತಾಯಿ ಹೇಳಿದ್ಲು, ಬಣ್ಣ ತಿರುಗ್ತಿದೆ ಅಂತ ನಾನು ನಕ್ಕೆ ಅಂತ ಬರೀರಿ."

"ಅದೆಲ್ಲ ಪೇಪರಲ್ಲಿ ಬರಲ್ಲ ಮೇಡಂ."

"ಹಾಗಾದ್ರೆ ಫೋಟೋನೂ ಬರಲ್ಲ."

ಫೋನ್ ಎತ್ತಿಕೊಂಡು ಹೊರಗೆ ಬಂದೆ. ಅಷ್ಟರಲ್ಲಿ ನರ್ಸಿನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಸಾಲಿನಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ಅಳತೊಡಗಿದವು. ಇಂಚರ ನನ್ನ ಹೆಗಲ ಮೇಲೆ ಕಣ್ಣು ಬಿಟ್ಟುಕೊಂಡು ತಣ್ಣಗೆ ಮಲಗಿದ್ದಳು.

ಅತ್ತೆಯ ಕಣ್ಣಲ್ಲಿ ನೀರು. ಮಗುವಿನ ಟೋಪಿ ಸರಿಮಾಡಲು ಕೈ ಚಾಚಿದರು. ಅಭ್ಯಾಸ ನೋಡಿ, ಬೆರಳು ಕಿವಿಯ ತುದಿಗೇ ಹೋಯಿತು.

"ಕಿವಿ ಬಿಡಿ ಅತ್ತೆ," ಎಂದೆ. "ಇನ್ಮೇಲಾದ್ರೂ ಮುಖ ನೋಡಿ. ಅವಳು ನಮ್ಮ ಮುಖ ನೋಡ್ಕೊಂಡೇ ಎಲ್ಲಾ ತಿಳ್ಕೋಬೇಕು."