ಸೊಸೆಯೆದುರು ಆಡದ ತುಳು

ಈ ಕಥೆಯನ್ನು ಮೊದಲು ಹೇಳಿದವರು ಡೊಂಬಿವಲಿ ಪೂರ್ವದ ಕಾಂಚನಾ. ಎರಡು ಸಾವಿರದ ಇಪ್ಪತ್ತಮೂರರ ಸಂಕ್ರಾಂತಿ ಕಳೆದ ಮೇಲಿನ ಶುಕ್ರವಾರ ಸಂಜೆ, ತಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಗೋಡೆಗೊರಗಿ ಕುಳಿತಿದ್ದಾಗ ಅವರು ಇದನ್ನು ಹೇಳಿದರು. ಅದೇ ವರ್ಷ ಕಲ್ಯಾಣದಲ್ಲಿ ಬೇರೊಬ್ಬರ ಬಾಯಲ್ಲಿ ಕೇಳುವಾಗ ಕಥೆಯೊಳಗಿನ ಮನೆ ಘೋಡಬಂದರ್ ರಸ್ತೆಗೆ ಸರಿದಿತ್ತು, ಸೊಸೆಯ ಮಾವ ತೀರಿಹೋಗಿದ್ದರು. ಇಲ್ಲಿರುವುದು ಕಾಂಚನಾ ಹೇಳಿದ ಪಾಠ.

ಠಾಣೆಯ ಮಾಜಿವಾಡಾದಲ್ಲಿ ಹೃಷೀಕೇಶ ಎಂಬವರು ಸಸ್ಯಾಹಾರಿ ಹೋಟೆಲು ನಡೆಸಿಕೊಂಡಿದ್ದರು, ಉಡುಪಿಯ ಕಡೆಯವರು. ಹೆಂಡತಿ ವನಮಾಲಾ, ಒಬ್ಬನೇ ಮಗ ಅನೀಶ. ಅನೀಶನ ಕೈಹಿಡಿದು ಆ ಮನೆ ತುಂಬಿದವಳು ಕಲ್ಯಾಣದ ಅಪರ್ಣಾ. ಅವಳ ತಂದೆ ಬಾಗಲಕೋಟೆಯಿಂದ ಬಂದು ರೈಲ್ವೆಯಲ್ಲಿ ದುಡಿದವರು. ತವರಿನ ಮಾತು ಉತ್ತರದ ಗಡಸು ಕನ್ನಡ. ಗಂಡನ ಮನೆಯ ಮಾತು ತುಳು.

ಅಪರ್ಣಾಳಿಗೆ ಅಲ್ಲಿ ಯಾವ ಕುಂದೂ ಇರಲಿಲ್ಲ. ಆದರೂ ದಿನವೂ ಒಂದು ಸಂಗತಿ ಅವಳನ್ನು ಚುಚ್ಚುತ್ತಿತ್ತು. ಸಾನಪಾಡಾದ ಆಫೀಸಿನಿಂದ ಲೋಕಲ್ ರೈಲು ಹಿಡಿದು, ರಿಕ್ಷಾಕ್ಕೆ ಸಾಲು ನಿಂತು, ದಣಿದು ಬಂದು ಬಾಗಿಲ ಮುಂದೆ ನಿಂತರೆ ಒಳಗಿನಿಂದ ತುಳುವಿನ ಗದ್ದಲ ಕೇಳುತ್ತಿತ್ತು: ಅತ್ತೆಯ ಏರುದನಿ, ಮಾವನ ಗೊಣಗಾಟ, ಅನೀಶನ ಗಹಗಹಿಸುವ ನಗು. ಅವಳು ಕೀಲಿ ತಿರುಗಿಸುವುದೇ ತಡ, ಎಲ್ಲವೂ ನಿಂತು, ಶಾಲೆಯ ಪುಸ್ತಕದಿಂದ ಎದ್ದು ಬಂದಂಥ ಕನ್ನಡ ಅವಳನ್ನು ಎದುರುಗೊಳ್ಳುತ್ತಿತ್ತು.

“ಬಂದೆಯಾ ಅಮ್ಮ? ಬಹಳ ದಣಿವಾಯಿತೇ? ಕೈಕಾಲು ತೊಳೆದುಕೊಂಡು ಬಾ, ಚಹಾ ಕೊಡುತ್ತೇನೆ.”

ಅನೀಶನಂತೂ ತುಳುವಿನಲ್ಲಿ ತೊಡಗಿದ ವಾಕ್ಯವನ್ನು ಕನ್ನಡದಲ್ಲಿ ಮುಗಿಸುತ್ತಿದ್ದ. ಆ ವಾಕ್ಯದ ಮೊದಲರ್ಧದಲ್ಲಿ ಏನಿತ್ತೆಂಬುದೇ ಅಪರ್ಣಾಳ ಚಿಂತೆ. ತನ್ನ ಹೆಸರೇ ಇದ್ದೀತೆಂದು ಮನಸ್ಸು ಹೇಳುತ್ತಿತ್ತು, ಇಲ್ಲದಿದ್ದರೆ ಮುಚ್ಚಿಡುವುದೇಕೆ?

ಆಕೆ ಕೇಳಲಿಲ್ಲ. ಕೇಳುವ ಬದಲು ಸಾನಪಾಡಾದಲ್ಲಿ ಒಂದು ಬಾಡಿಗೆ ಫ್ಲ್ಯಾಟು ನೋಡಿ ಬಂದಳು. “ದಿನಾ ಈ ಓಡಾಟ ನನ್ನ ಕೈಲಿ ಆಗಂಗಿಲ್ಲ” ಎಂದು ಗಂಡನಿಗೆ ಹೇಳಿದಳು. ಓಡಾಟ ಸುಳ್ಳಲ್ಲ, ಕಾರಣ ಅದಲ್ಲ. ಭಾನುವಾರ ಬೆಳಿಗ್ಗೆ ಮಾಲೀಕ ಫೋನು ಮಾಡಿದಾಗ ಹೂಂ ಅಥವಾ ಊಹೂಂ ಹೇಳಬೇಕೆಂದು ಮಾತಾಯಿತು. ವಿಷಯ ತಿಳಿದ ವನಮಾಲಾ “ನಿಮ್ಮ ಅನುಕೂಲವನ್ನು ನೋಡಿಕೊಳ್ಳಿ” ಎಂದರು, ಅದನ್ನೂ ಕನ್ನಡದಲ್ಲೇ.

ಶನಿವಾರ ಅಪರ್ಣಾ ತಲೆನೋವೆಂದು ಒಳಗೆ ಮಲಗಿದ್ದಳು. ಅವಳಿಗೆ ನಿದ್ದೆ ಹತ್ತಿದೆಯೆಂದೇ ಹೊರಗಿದ್ದವರ ಲೆಕ್ಕ. ಅರೆತೆರೆದ ಬಾಗಿಲಿನಾಚೆ ಅತ್ತೆ, ಮತ್ತು ಮೇಲಿನ ಮಹಡಿಯ ಚಂದ್ರಬಾಯಿ ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಚಂದ್ರಬಾಯಿ ಸಾತಾರಾ ಕಡೆಯ ಮರಾಠಿ ಹೆಂಗಸು. ಕಟ್ಟಡ ಎದ್ದಂದಿನಿಂದ ನೆರೆಯವರು. ವನಮಾಲಾ ತುಳುವಿನಲ್ಲಿ ಮೂಗಿನ ಹೊಳ್ಳೆ ಅರಳಿಸಿ, ಕಣ್ಣು ಮುಚ್ಚಿ, ಯಾರದೋ ಅಣಕ ಮಾಡುತ್ತ ಏನೋ ಹೇಳಿದರು. ಚಂದ್ರಬಾಯಿ ಬಿದ್ದು ಬಿದ್ದು ನಕ್ಕ ರಭಸಕ್ಕೆ ಮಡಿಲ ಸೊಪ್ಪೆಲ್ಲ ನೆಲದ ಪಾಲಾಯಿತು.

ಅಪರ್ಣಾ ಎದ್ದು ಕುಳಿತಳು. ಇಷ್ಟು ಕಾಲದಲ್ಲಿ ಅತ್ತೆ ಅಣಕ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಅವಳು ಬಲ್ಲ ವನಮಾಲಾ ಮೆತ್ತಗೆ ಮಾತಾಡುವ, ಅಳೆದು ನಡೆಯುವ ಹೆಂಗಸು. ಈಕೆ ಯಾರು?

ಅವಳು ಹೊರಗೆ ಬಂದೊಡನೆ ನಗು ಗುಡಿಸಿಟ್ಟಂತಾಯಿತು. “ಎದ್ದೆಯಾ ಅಮ್ಮ? ತಲೆನೋವು ಕಡಿಮೆಯಾಯಿತೇ?” ಎಂದು ವನಮಾಲಾ ಕಷಾಯ ಕಾಯಿಸಲು ಒಳಗೆ ಹೋದರು.

ಅಪರ್ಣಾ ಚಂದ್ರಬಾಯಿಯ ಪಕ್ಕ ಕುಳಿತು ಮರಾಠಿಯಲ್ಲಿ ಪಿಸುಗುಟ್ಟಿದಳು: “ಕಾಕೂ, ಖರೆ ಹೇಳಿ. ನನ್ನ ಬಗ್ಗೆ ಏನಂದರು?”

“ನಿನ್ನ ಬಗ್ಗೆ ಯಾಕೆ ಅಂದಾಳು, ಹುಚ್ಚಿ? ನಿನ್ನ ಮಾವನ ಗೊರಕೆ. ಲೋಕಲ್ಲು ಮುಂಬ್ರಾ ಸುರಂಗ ಹೊಕ್ಕ ಹಾಗಿರುತ್ತಂತೆ.”

“ನಿಮಗೆ ತುಳು ಯಾರು ಕಲಿಸಿದರು?”

“ಕಲಿಸೋಕೆ ಇವಳೇನು ಟೀಚರಮ್ಮನೇ? ನಾನು ಬಂದು ಕೂತೆ, ಇವರು ತಮ್ಮ ಪಾಡಿಗೆ ಹರಟಿದರು. ನನಗೋಸ್ಕರ ಯಾರೂ ನಿಲ್ಲಿಸಲಿಲ್ಲ. ಮಾತಾಡೋಕೆ ಇವತ್ತಿಗೂ ಬರಲ್ಲ. ನಗೋಕೆ ಬರುತ್ತೆ.”

ಆ ಮಾತು ಅಪರ್ಣಾಳ ಕಿವಿಯಲ್ಲೇ ಉಳಿಯಿತು. ಭಾನುವಾರ ಬೆಳಿಗ್ಗೆ ನಾಲ್ವರೂ ಚಹಾಕ್ಕೆ ಕುಳಿತರು. ಅನೀಶ ಮಾಲೀಕನ ಕರೆಗಾಗಿ ಫೋನನ್ನು ಮೇಜಿನ ಮೇಲಿಟ್ಟಿದ್ದ.

“ಅತ್ತಿ, ಒಂದ್ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಾ ಬಂದ ಕೂಡ್ಲೆ ಯಾಕ್ರಿ ತುಳು ಬಿಡ್ತೀರಿ?”

ವನಮಾಲಾರ ಲೋಟ ತುಟಿಯ ಬಳಿಯೇ ನಿಂತಿತು. “ನಿನಗೆ ಅರ್ಥವಾಗುವುದಿಲ್ಲವಲ್ಲ. ನಿನ್ನೆದುರು ತುಳು ಆಡಿದರೆ ಅದು ಮರ್ಯಾದೆಯೇ?”

“ಮರ್ಯಾದಿ ಬೀಗರಿಗೆ ಮಾಡ್ರಿ. ನಾ ಈ ಮನ್ಯಾಕಿ.”

ಹೃಷೀಕೇಶರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ವನಮಾಲಾ ಲೋಟ ಕೆಳಗಿಟ್ಟರು. “ನಾನು ಆಗಿನ ನಮ್ಮ ಡೊಂಬಿವಲಿಯ ಮನೆಗೆ ಮದುವೆಯಾಗಿ ಬಂದಾಗ ನನಗೆ ಮರಾಠಿಯ ಗಂಧವಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಾದಿನಿಯರು ನನ್ನೆದುರೇ ಕುಳಿತು, ನನ್ನನ್ನೇ ನೋಡಿ, ಮರಾಠಿಯಲ್ಲಿ ನಗುತ್ತಿದ್ದರು. ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ನನ್ನ ಸೊಸೆಗೆ ಅದು ಬೇಡವೆಂದು ಆಗಲೇ ನಿಶ್ಚಯಿಸಿದ್ದೆ. ಎಷ್ಟು ಕಷ್ಟಪಟ್ಟು ಇದನ್ನು ನಡೆಸಿದೆ ಗೊತ್ತೇ? ಆದರೂ ನೀನು ಹೊರಟುನಿಂತೆ.”

ಅಪರ್ಣಾ ಕೆಟ್ಟದ್ದೆಂದು ಅನುಮಾನಿಸಿದ್ದು ಈ ಕಾಳಜಿಯನ್ನೇ! ಇಷ್ಟು ದಿನ ತನ್ನ ದಾರಿಗೆ ಅಡ್ಡ ಬಿದ್ದಿದ್ದು ಅತ್ತೆಯ ಅಕ್ಕರೆಯೇ ಎಂದಾಯಿತು. ಹಾಗೆಂದು ಈಗ ಸುಮ್ಮನಾದರೆ, ನಾಳೆಯೂ ಅದೇ ಪುಸ್ತಕದ ಕನ್ನಡ ಬಾಗಿಲು ಕಾಯುತ್ತದೆ.

“ನಿಮಗ ನಗು ಬರೂದು ತುಳುವಿನ್ಯಾಗ, ಅತ್ತಿ. ನಿನ್ನೆ ಒಳಗಿಂದ ನೋಡಿದೆ. ನನ್ನ ಮುಂದ ನೀವು ಹಂಗ ಒಮ್ಮೆನೂ ನಕ್ಕಿಲ್ಲ. ಇವರೆಲ್ಲಾ ಬಲ್ಲ ನಿಮ್ಮನ್ನ ನಾ ನೋಡೇ ಇಲ್ಲ. ತಿಳೀದಿದ್ರ ತಿಳೀಲಿಲ್ಲ. ನನಗೋಸ್ಕರ ನಿಲ್ಲಸಬ್ಯಾಡ್ರಿ.”

ವನಮಾಲಾ ಕುರ್ಚಿಯನ್ನು ಸೊಸೆಯತ್ತ ಎಳೆದುಕೊಂಡರು. “ಕನ್ನಡದಲ್ಲಿ ನಗಿಸಲಿಕ್ಕೆ ನನಗೆ ಬರುವುದೇ ಇಲ್ಲ, ಮಾರಾಯ್ತಿ!” ಎಂದರು.

ಮಾರಾಯ್ತಿ! ಅಲ್ಲಿಯವರೆಗೂ ‘ಅಮ್ಮ’ ಎಂದಷ್ಟೇ ಕರೆಸಿಕೊಂಡಿದ್ದ ಅಪರ್ಣಾ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಾನಪಾಡಾದ ಮಾಲೀಕ. ಅನೀಶ ಅದನ್ನು ಎತ್ತದೆ ಹೆಂಡತಿಯ ಮುಖ ನೋಡಿದ. ಹೃಷೀಕೇಶರು ಪತ್ರಿಕೆಯ ಮರೆಯಿಂದಲೇ ತುಳುವಿನಲ್ಲಿ ಏನೋ ಗೊಣಗಿದರು. ವನಮಾಲಾ ಬಾಯಿ ತೆರೆದರು, ಅಭ್ಯಾಸಬಲದಿಂದ ಕನ್ನಡವೇ ಬಂತು, ತಡೆದರು, ತಲೆ ಕೊಡವಿ ಗಂಡನಿಗೆ ತುಳುವಿನಲ್ಲಿ ಒಂದೇ ಮಾತಿನ ಏಟು ಕೊಟ್ಟರು. ಅನೀಶನ ಬಾಯಿಯ ಚಹಾ ಮೂಗಿಗೇರಿತು. ಹೃಷೀಕೇಶರ ಪತ್ರಿಕೆ ಕುಲುಕಾಡತೊಡಗಿತು.

“ಅಂದರೆ ಅಮ್ಮ ಹೇಳಿದ್ದು...” ಎಂದು ಅನೀಶ ಕೆಮ್ಮುತ್ತ ಅಪರ್ಣಾಳ ಕಡೆ ತಿರುಗಿದ.

“ಬ್ಯಾಡ, ಹೇಳಬ್ಯಾಡ. ನೀವ್ ಮಾತಾಡ್ರಿ” ಎಂದು ಅವಳು ಫೋನೆತ್ತಿಕೊಂಡಳು. ಆ ಗದ್ದಲದ ನಡುವೆಯೇ ಒಂದು ಕಿವಿ ಮುಚ್ಚಿ ಹಿಂದಿಯಲ್ಲಿ ಹೇಳಿದಳು: “ಇಲ್ಲ ಭಾಯಿಸಾಬ್, ಮನೆ ಬೇಡ. ಸದ್ದಾ? ಹಾಂ, ಮನೆಯಲ್ಲಿ ಎಲ್ಲರೂ ಇದ್ದಾರೆ.”

ಕಾಂಚನಾ ಇಲ್ಲಿಗೆ ನಿಲ್ಲಿಸಿದರು. ಎಳೆಯ ಪ್ರಾಯದ ಹುಡುಗಿಯೊಬ್ಬಳು ತಡೆಯಲಾರದೆ ಕೇಳಿದಳು: “ಆದ್ರೆ ಆಂಟಿ, ಅತ್ತೆ ಹೇಳಿದ್ದೇನು?”

“ಅಪರ್ಣಾಳಿಗೇ ಅವತ್ತು ಗೊತ್ತಾಗಲಿಲ್ಲ, ನಿನಗೇನು ಅವಸರ?” ಎಂದರು ಕಾಂಚನಾ.

ಹೆಂಗಸರು ನಗುತ್ತ ಸೆರಗು ಸರಿಪಡಿಸಿಕೊಂಡು ಎದ್ದರು. ಬಾಗಿಲ ಬಳಿ ಚಪ್ಪಲಿಗಳ ಗೊಂದಲವಾಯಿತು. ಕಲ್ಯಾಣಕ್ಕೆ ಹೋಗುವವರು ಸ್ಟೇಷನ್ನಿನ ಕಡೆಗೂ, ಉಳಿದವರು ಓಣಿಯ ಕಡೆಗೂ, ತಂತಮ್ಮ ಮಾತಿನಲ್ಲಿ ಹರಟುತ್ತ ಮನೆಗೆ ನಡೆದರು.