ಹೊನ್ನಾವರದಲ್ಲಿ ಆಡಿದ ಮಾತು

ನಮ್ಮ ಕೈಯಾಸರೆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಐದು ಜನ ನಿರ್ದೇಶಕರು. ನಾಲ್ವರು ಮೀಟಿಂಗಿನ ಕೋಣೆಗೆ ಚಪ್ಪಲಿ ಹಾಕಿಕೊಂಡೇ ಬರುತ್ತಾರೆ. ಬಾಗಿಲಲ್ಲಿ ಬಿಟ್ಟು ಬರುವವಳು ನಾನೊಬ್ಬಳೇ. ಮೊದಲ ದಿನ ಮೀಟಿಂಗು ಮುಗಿಸಿ ಹೊರಗೆ ಬಂದರೆ ಅಷ್ಟಗಲ ಜಗಲಿಯಲ್ಲಿ ನನ್ನದೊಂದು ಜೊತೆ ಹವಾಯಿ ಚಪ್ಪಲಿ ಬಿದ್ದುಕೊಂಡಿತ್ತು. ಆವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಸಂಸ್ಥೆ ಎಂದರೆ ದೊಡ್ಡದೇನಲ್ಲ. ಮಾವಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಒಂದು ತಗಡಿನ ಶೆಡ್ಡು, ಒಳಗೆ ನಾಲ್ಕು ದೊಡ್ಡ ಮಷಿನ್ನು, ಹಿಂದೆ ಬಟ್ಟೆ ಒಣಹಾಕುವ ತಂತಿ. ಮುರ್ಡೇಶ್ವರದ ಲಾಡ್ಜುಗಳ ಚಾದರ, ದಿಂಬಿನ ಗವಸು, ಟವೆಲುಗಳನ್ನು ತೊಳೆದು, ಇಸ್ತ್ರಿ ಮಾಡಿ, ಮಡಚಿ ಕಳಿಸುತ್ತೇವೆ. ಕೆಲಸಕ್ಕೆ ಇಪ್ಪತ್ತೆರಡು ಹೆಂಗಸರು. ಗಂಡ ಸತ್ತವರು, ಗಂಡ ಇದ್ದೂ ಇಲ್ಲದವರು, ಮೀನಿನ ಬುಟ್ಟಿ ಹೊತ್ತು ಸೊಂಟ ಸೋತವರು. ನಾನು ಎರಡನೆಯ ಪೈಕಿ. ನನ್ನ ಗಂಡ ಈರ ರತ್ನಾಗಿರಿಯ ಬೋಟಿನಲ್ಲಿರುತ್ತಾನೆ. ಮಳೆಗಾಲದಲ್ಲಿ ಬಂದು ನಿದ್ದೆ ಮಾಡಿ ಹೋಗುತ್ತಾನೆ.

ಸೊಂಟ ಸೋತವಳು ದುರ್ಗಕ್ಕ. ನಮ್ಮ ಮನೆಯಿಂದ ಎಂಟನೇ ಮನೆ. ಅವಳ ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗಳು ರಂಜಿತಾ ಕಾಲೇಜಿಗೆ ಹೋಗುತ್ತಾಳೆ. ಭಟ್ಕಳದ ಪೇಟೆಗೆ ಹದಿನಾಲ್ಕು ವರ್ಷ ನಾವಿಬ್ಬರೂ ಒಂದೇ ಟೆಂಪೋದಲ್ಲಿ ಮೀನು ಒಯ್ದಿದ್ದೇವೆ. ಶೆಡ್ಡಿಗೆ ಸೇರಿದ್ದೂ ಒಂದೇ ದಿನ. ಮಧ್ಯಾಹ್ನ ಊಟಕ್ಕೆ ಕೂತರೆ ಅವಳ ಬುತ್ತಿಯ ಪದಾರ್ಥದಲ್ಲಿ ಮೊದಲ ತುಂಡು ನನ್ನ ಡಬ್ಬಿಯ ಮುಚ್ಚಳಕ್ಕೆ ಬೀಳಬೇಕು, ನನ್ನದು ಅವಳದಕ್ಕೆ. ಬಂಗಡೆಯೇ ಇರಲಿ, ಬರೀ ಒಣಶೆಟ್ಲಿ ಸಿಗಡಿಯ ಚಟ್ನಿಯೇ ಇರಲಿ, ಲೆಕ್ಕ ಒಂದೇ.

ಕುಮಟೆ, ಹೊನ್ನಾವರ, ಭಟ್ಕಳದ ನಾಲ್ಕು ಜನ ಉಳ್ಳವರು ಸೇರಿ ಈ ಸಂಸ್ಥೆ ಕಟ್ಟಿದ್ದು. ಲಾಭಕ್ಕಲ್ಲ, ಕೆಲಸವಿಲ್ಲದ ಹೆಂಗಸರಿಗೆ ಕೆಲಸ ಕೊಡಲಿಕ್ಕೆ. ಒಳ್ಳೆಯ ಜನವೇ. ಸಿಟ್ಟಿನಲ್ಲಿದ್ದಾಗಲೂ ನಾನು ಇದನ್ನು ಒಪ್ಪುತ್ತೇನೆ. ಹೋದ ವರ್ಷ ಅವರಿಗೆ, ಮಂಡಳಿಯಲ್ಲಿ ಕೆಲಸದವರ ಪೈಕಿ ಒಬ್ಬರು ಇರಬೇಕು ಎಂದು ಅನ್ನಿಸಿತು. ಶೆಡ್ಡಿಗೆ ಬಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲಿನ ಬೆರಳು ನೋಡಿಕೊಂಡರು. ಹಿಂದಿನಿಂದ ನನ್ನ ಬೆನ್ನಿಗೆ ಕೈಕೊಟ್ಟು ನೂಕಿದವಳು ದುರ್ಗಕ್ಕ.

"ಜಯಂತಿ ಹೋಗ್ತಾಳೆ. ಏಳ್ನೇತ್ತಿ ಪಾಸಾದವಳು. ಬಾಯೂ ಅದೆ" ಎಂದಳು.

ಕುಮಟೆಯವರಿಗೂ ಭಟ್ಕಳದವರಿಗೂ ನಡುವೆ ಆಗುತ್ತದೆಂದು ಮೀಟಿಂಗು ಹೊನ್ನಾವರದಲ್ಲಿ. ಅಧ್ಯಕ್ಷರು ರಮಾನಂದ ಸರ್, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ನಾನು ಮೊದಲ ಸಲ ಹೋದ ದಿನ ಅವರು ಬೆಳಿಗ್ಗೆಯೇ ಇಡಗುಂಜಿಗೆ ಹೋಗಿ ಗಣಪತಿಗೆ ಪೂಜೆ ಮಾಡಿಸಿ ಬಂದಿದ್ದರು. "ಹೊಸ ನಿರ್ದೇಶಕಿಗೆ ಮೊದಲು ಪ್ರಸಾದ" ಎಂದು ಪಂಚಕಜ್ಜಾಯ ಕೈಗೆ ಹಾಕಿದರು. ಇನ್ನೂ ಬಾಯಲ್ಲಿರುವಾಗಲೇ ಒಂದು ಕಾಗದ ಮುಂದಿಟ್ಟರು. ಅದೇನು ಕಾಗದವೆಂದು ಕೇಳಿದೆ. ಅವರೇ ಓದಿ ಹೇಳಿದರು: ಈ ಸಭೆಯಲ್ಲಿ ಆಡಿದ ಮಾತನ್ನು ಹೊರಗೆ ಯಾರಲ್ಲಿಯೂ ಆಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತೇನೆ.

ಉಳಿದವರೂ ಸಂಸ್ಥೆಯ ಹೊಸ ವರ್ಷದ್ದೆಂದು ಅದೇ ಕಾಗದಕ್ಕೆ ಸಹಿ ಮಾಡಿದರು. ಗುರುದತ್ತ ಸರ್ ತಮ್ಮ ಹೊಸ ಕಾರಿನ ಬಣ್ಣದ ವಿಷಯ ಮಾತಾಡುತ್ತಲೇ ಗೀಚಿದರು. ಅವರದು ಮುರ್ಡೇಶ್ವರದಲ್ಲಿ ಲಾಡ್ಜು, ಮನೆಯೂ ಅಲ್ಲಿಯೇ. ನಾನು ಮಾತ್ರ ಬೆರಳಿಗೆ ಅಂಟಿದ ಎಳ್ಳು ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡು, ಕಣ್ಣುಮುಚ್ಚಿ ಒಮ್ಮೆ ಗಣಪತಿಯನ್ನು ನೆನೆದು ಸಹಿ ಹಾಕಿದೆ. ಪ್ರಸಾದ ತಿಂದ ಕೈಯಲ್ಲಿ ಪ್ರತಿಜ್ಞೆ ಎಂದರೆ ಅದು ಆಣೆಯೇ. ಇಡಗುಂಜಿಯ ಆಣೆ ನಮ್ಮಲ್ಲಿ ಹುಡುಗಾಟದ ಮಾತಲ್ಲ. ಬಲೆಯ ಜಗಳದಲ್ಲಿ ಸುಳ್ಳು ಆಣೆ ಹಾಕಿದ ನನ್ನ ಸೋದರಮಾವ ಅದೇ ವರ್ಷ ಬಲಗೈಗೆ ಲಕ್ವ ಹೊಡೆದು ಮೂಲೆ ಹಿಡಿದದ್ದನ್ನು ಕಣ್ಣಾರೆ ಕಂಡವಳು ನಾನು.

ಮರುದಿನ ಊಟದ ಹೊತ್ತಿಗೆ ದುರ್ಗಕ್ಕ ಮುಚ್ಚಳಕ್ಕೆ ತಾರ್ಲೆ ಮೀನು ಹಾಕುತ್ತ, "ಎಂತ ಮಾತಾತೆ ಅಲ್ಲಿ?" ಎಂದು ಕೇಳಿದಳು.

"ಹೇಳೂಕಿಲ್ಲ ದುರ್ಗಕ್ಕ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಎರಡನೇ ಮೀಟಿಂಗು ಆದಮೇಲೆ ಕೇಳಿದಳು, ನಗಲಿಲ್ಲ. ಮೂರನೇ ಸಲ ಕೇಳಲೇ ಇಲ್ಲ. ಹದಿನೆಂಟು ವರ್ಷ ಕಂಡದ್ದು ಕೇಳಿದ್ದೆಲ್ಲ ಅವಳ ಮುಂದೆ ಸುರಿಯುತ್ತಿದ್ದ ನನಗೆ ಹೊಟ್ಟೆಯುಬ್ಬರ ಬಂದ ಹಾಗೆ ಆಗುತ್ತಿತ್ತು. ನಾನು ಬಂದರೆ ಮಾತು ನಿಲ್ಲಿಸುವ ಅಭ್ಯಾಸ ಶೆಡ್ಡಿನಲ್ಲಿ ಶುರುವಾದದ್ದೂ ಆಗಲೇ. ನಾನು ಇಲ್ಲಿಯದನ್ನು ಅಲ್ಲಿ ಹೇಳುತ್ತೇನೆಂದು ಅವರಿಗೆ ಸಂಶಯ. ಅಲ್ಲಿಯದನ್ನು ಇಲ್ಲಿ ಹೇಳಬಾರದೆಂದು ನನಗೆ ಆಣೆ. ನಡುವೆ ಡಬ್ಬಿ ಬಿಚ್ಚಿಕೊಂಡು ಕೂತವಳು ನಾನು.

ನವೆಂಬರದ ಮೀಟಿಂಗಿನಲ್ಲಿ ವಿನುತಾ ಮೇಡಂ ಒಂದು ವಿಷಯ ತೆಗೆದರು. ಕುಮಟೆಯ ಕಾಲೇಜಿನಲ್ಲಿ ಪಾಠ ಮಾಡುವವರು, ಮಾತು ಚೊಕ್ಕ. ನಮ್ಮಲ್ಲಿ ಕೆಲಸ ಕೊಡಿ ಎಂದು ಅರವತ್ತು ಹೆಂಗಸರು ಹೆಸರು ಕೊಟ್ಟು ಕಾಯುತ್ತಿದ್ದಾರೆ, ಇದ್ದವರೇ ಇದ್ದರೆ ಅವರಿಗೆ ಜಾಗ ಯಾವಾಗ? ಇಲ್ಲಿ ಬಂದು ಕೆಲಸ ಕಲಿತು, ಮೂರು ವರ್ಷವಾದಮೇಲೆ ಹೊರಗೆ ಬೇರೆ ಕಡೆ ಹೋಗಬೇಕು, ಹೊಸಬರು ಬರಬೇಕು ಎಂದರು. ಕಾಯುತ್ತಿರುವವರಲ್ಲಿ ಇಬ್ಬರು ನನಗೇ ಗೊತ್ತು. ಒಬ್ಬಳು ನನ್ನ ಮನೆಗೆ ಬಂದು ಅತ್ತು ಹೋಗಿದ್ದಳು. ನ್ಯಾಯದ ಮಾತೆನ್ನಿಸಿತು. ಕೈ ಎತ್ತಿ ಎಂದರು, ಎತ್ತಿದೆ.

ಆಮೇಲೆ ಪಟ್ಟಿ ಓದಿದರು. ಏಳು ಹೆಸರು. ಮೊದಲನೆಯದೇ ದುರ್ಗಮ್ಮ. ನನ್ನದೂ ಮೂರು ವರ್ಷ ದಾಟಿತ್ತು, ಆದರೆ ನಿರ್ದೇಶಕಿಯಾಗಿರುವ ತನಕ ನನಗೆ ಆ ನಿಯಮವಿಲ್ಲವಂತೆ.

"ಇವರಿಗೆಲ್ಲ ಬೇರೆ ಕೆಲಸ?" ಎಂದು ಕೇಳಿದೆ.

"ನಲವತ್ತೈದರ ಒಳಗಿನವರಾದ್ರೆ ನನ್ನ ಲಾಡ್ಜಿಗೇ ತಗಳ್ತೆ" ಎಂದರು ಗುರುದತ್ತ ಸರ್.

"ದುರ್ಗಮ್ಮನಿಗೆ ಐವತ್ತಮೂರು."

ರಮಾನಂದ ಸರ್ ಕನ್ನಡಕ ತೆಗೆದು ಒರೆಸಿದರು. "ನೋಡುವ ಜಯಂತಿಯವರೇ. ಏನಾದರೂ ಮಾಡುವ. ಪತ್ರ ಹೋಗಲಿಕ್ಕೆ ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ವಿಷಯ ಇಲ್ಲೇ ಇರಲಿ."

ಆ ಶುಕ್ರವಾರ ಸಂಜೆ ದುರ್ಗಕ್ಕ ಮನೆಗೆ ಬಂದಳು. ಸೀದಾ ಒಳಗೆ ಬಂದು ಒಲೆಯ ಹತ್ತಿರ ಕೂತಳು. ಬಹಳ ದಿನವಾಗಿತ್ತು ಹಾಗೆ ಬಂದು.

"ಹೆಡ್ಮಾಸ್ತರು ಕರ್ದಿದ್ರು. ಶಾಲೆಲಿ ಬಿಸಿಯೂಟ ಮಾಡೂಕೆ ಜನ ಬೇಕಂತೆ. ಸೋಮವಾರದೊಳಗೆ ಹೇಳು ಅಂದ್ರು. ಅಲ್ಲಿ ಸಿಗುದು ಕಮ್ಮಿ. ಶೆಡ್ಡಿನ ಕೆಲಸ ಗಟ್ಟಿ ಅಂತಾದ್ರೆ ನಾ ಎಂತಕ್ಕೆ ಹೋಗ್ಲಿ? ನೀ ಮೇಲೆ ಕೂತ್ಕಂಬವಳು. ನೀನೇ ಹೇಳು ಮಾರಾಯ್ತಿ."

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೂಡಲೇ ಆ ಎಳ್ಳು ಬೆಲ್ಲದ ರುಚಿಯೂ ಬಂತು. ಮಾವನ ಕೈ ಕಣ್ಣಿಗೆ ಕಟ್ಟಿತು. ಬೋಟಿನಲ್ಲಿರುವ ಈರನೂ ನೆನಪಾದ.

"ಹೋಗು ದುರ್ಗಕ್ಕ. ಶಾಲೆಗೇ ಹೋಗು" ಎಂದೆ.

"ಎಂತಕ್ಕೆ?"

"ಮಕ್ಕಳಿಗೆ ಅಡಿಗೆ ಮಾಡುದು ಪುಣ್ಯದ ಕೆಲಸ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಒಲೆಯ ಕಡೆ ನೋಡಿದೆ.

"ಪುಣ್ಯ ಕಟ್ಕಂಡು ರಂಜಿತಾನ ಬಸ್ ಪಾಸ್ ಮಾಡೂಕಾತದ್ಯ? ಸುಮ್ನೆ ಹೇಳು. ಶೆಡ್ಡಲ್ಲಿ ಎಂತಾರೂ ಅದ್ಯ?"

"ನಾ ಹೇಳ್ತೆ, ನೀ ಹೋಗು. ಕಾರಣ ಕೇಳಬೇಡ."

"ಆತು" ಎಂದು ಎದ್ದಳು. "ನಾನಿದ್ರೆ ನಿಂಗೆ ನಾಚ್ಗೆ ಆಗೂಕೆ ಶುರುವಾತು. ನಿರ್ದೇಶಕಿ ಮುಚ್ಚಳಕ್ಕೆ ಒಣಮೀನು ಹಾಕುವವಳು ನಾ. ನೀ ಹೋಗು ಅಂದ್ಕೂಡ್ಲೆ ಹೋಗೂಕೆ ನಾ ಎಂತ ನಿನ್ನ ಆಳ?"

ಭಾನುವಾರ ಬೆಳಿಗ್ಗೆ ಅವಳ ಮನೆಯ ಅಂಗಳಕ್ಕೆ ಅಡ್ಡ ಹಾಕಿದ ದಣಪೆಯವರೆಗೆ ಹೋದೆ. ಒಳಗೆ ಅವಳು ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಕರೆದಿದ್ದರೆ ಸಾಕಿತ್ತು. ಎರಡು ವಾಕ್ಯದ ಕೆಲಸ. ನಿಂತೆ, ನಿಂತೆ, ತಿರುಗಿ ಬಂದೆ. ನನ್ನಷ್ಟು ಹೇಡಿ ಆವತ್ತು ಮಾವಳ್ಳಿಯಲ್ಲಿ ಇನ್ನೊಬ್ಬಳು ಇರಲಿಲ್ಲ. ಆದರೆ ಆಗ ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ.

ದುರ್ಗಕ್ಕ ಹಟಕ್ಕೆ ಬಿದ್ದು ಹೆಡ್ಮಾಸ್ತರಿಗೆ ಆಗುವುದಿಲ್ಲ ಎಂದಳು. ಅದೇ ವಾರ ನಮ್ಮ ಜೊತೆಯ ಮಾದಿ ಶೆಡ್ಡು ಬಿಟ್ಟು ಶಾಲೆಯ ಅಡಿಗೆಗೆ ಸೇರಿದಳು. ಅವಳ ಹೆಸರೂ ಏಳರಲ್ಲಿ ಒಂದಾಗಿತ್ತು. ಅದೃಷ್ಟವಂತೆ ಅಂದುಕೊಂಡೆ. ಅವಳು ಸರಿಯಾಗಿ ಈಗಲೇ ಬಿಟ್ಟದ್ದು ಯಾಕೆಂದು ಯೋಚನೆ ಮಾಡುವಷ್ಟು ಬುದ್ಧಿ ನನಗೆ ಓಡಲಿಲ್ಲ.

ಡಿಸೆಂಬರದಲ್ಲಿ ಪತ್ರ ಬಂತು. ಊಟದ ಹೊತ್ತು. ದುರ್ಗಕ್ಕ ತನ್ನದನ್ನು ನನ್ನ ಕೈಗೇ ಕೊಟ್ಟು ಓದು ಎಂದಳು. ಓದಿದೆ. ನವೆಂಬರದ ತಾರೀಕು ಇತ್ತು, ಸರ್ವಾನುಮತದಿಂದ ತೀರ್ಮಾನಿಸಲಾಗಿದೆ ಎಂದಿತ್ತು.

"ಸರ್ವಾನುಮತ ಅಂದ್ರೆ ಎಂತದೆ?"

"ಎಲ್ಲರೂ ಒಪ್ಪಿದ್ರು ಅಂತ."

"ನೀನೂ?"

"ನಾನೂ."

ಹಿಂದಿನಿಂದ ಯಾರೋ ಅಂದರು, ಮಾದಿಗೆ ಮೊದಲೇ ಗೊತ್ತಿತ್ತಂತೆ. ಬೆಳಿಗ್ಗೆ ಅವಳು ಪಾತ್ರೆ ತೊಳೆಯಲು ಹೋಗುತ್ತಿದ್ದದ್ದು ಗುರುದತ್ತ ಸರ್ ಮನೆಗೆ. ಅಲ್ಲಿ ಅಮ್ಮನವರೇ ಹೇಳಿದ್ದರಂತೆ, ನಿಮ್ಮನ್ನೆಲ್ಲ ತೆಗೀತಾರೆ, ಬೇರೆ ಕೆಲಸ ನೋಡಿಕೋ ಎಂದು. ದುರ್ಗಕ್ಕ ಪತ್ರ ಮಡಚಿ ಡಬ್ಬಿಯ ಅಡಿಗಿಟ್ಟು ಉಣ್ಣಲು ಕೂತಳು. ನನ್ನ ಮುಚ್ಚಳ ನೆಲದ ಮೇಲೆ ಖಾಲಿ ಇತ್ತು. ಊಟ ಮುಗಿದಮೇಲೂ ಹಾಗೇ ಇತ್ತು.

ಮುಂದಿನ ಮೀಟಿಂಗಿನಲ್ಲಿ ನಾನು ಟೀ ಬರುವವರೆಗೂ ಕಾಯಲಿಲ್ಲ. ಇಲ್ಲಿಯ ಮಾತು ನಿಮ್ಮ ಮನೆಗೆ ಹೇಗೆ ಹೋಯಿತು ಎಂದು ಗುರುದತ್ತ ಸರ್‌ಗೆ ಕೇಳಿದೆ.

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಕ್ಕರು. "ಊಟಕ್ಕೆ ಕೂತಾಗ ಹೇಳಿದ್ದಿರ್ಬೇಕು ಮಾರಾಯ್ರೆ. ಹೆಂಡ್ತಿ ಹತ್ರ ಮುಚ್ಚಿಟ್ಟು ಬದುಕೂಕಾಗ್ತದ್ಯ?"

ವಿನುತಾ ಮೇಡಂ ಕೂಡ ನಕ್ಕರು. ತಾನೂ ಅಕ್ಕನ ಹತ್ತಿರ ಹೇಳಿದ್ದೆ ಎಂದರು. "ಆ ಪ್ರತಿಜ್ಞೆ ಒಂದು ಫಾರ್ಮಾಲಿಟಿ ಜಯಂತಿಯವರೇ" ಎಂದರು ರಮಾನಂದ ಸರ್. "ಫೈಲಿಗೆ ಬೇಕು ಅಂತ. ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

"ನನ್ನ ಕೈಯಲ್ಲಿ ಪ್ರಸಾದ ಇತ್ತು ಸರ್" ಎಂದೆ. ಯಾರಿಗೂ ಏನೂ ತಿಳಿಯಲಿಲ್ಲ. ಪ್ರಸಾದ ಕೊಟ್ಟವರಿಗೇ ನೆನಪಿರಲಿಲ್ಲ.

ನನ್ನ ಜಾಗ ದುರ್ಗಕ್ಕನಿಗೆ ಕೊಡಿ ಎಂದೂ ಕೇಳಿದೆ. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು. ರಾಜೀನಾಮೆ ಕೊಡುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಕೊಟ್ಟರೆ ಮುಂದಿನ ಪಟ್ಟಿಯಲ್ಲಿ ನಾನೂ ಒಬ್ಬಳು. ಕೊಡಲಿಲ್ಲ. ಹೊರಗೆ ಬಂದು ಜಗಲಿಯಲ್ಲಿದ್ದ ಒಂದೇ ಜೊತೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸಿಳಿದವಳು ಮನೆಗೆ ಹೋಗದೆ ಸೀದಾ ದುರ್ಗಕ್ಕನ ಮನೆಗೆ ಹೋದೆ. ಅವಳು ಮತ್ತೆ ಬುಟ್ಟಿ ಹೊರುತ್ತಿದ್ದಳು. ಮಧ್ಯಾಹ್ನ ಭಟ್ಕಳದಿಂದ ಬಂದು, ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಸೀರೆ ಸರಿಮಾಡಿಕೊಂಡಳು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಪ್ರಸಾದ, ಸಹಿ, ಆಣೆ, ಮಾವನ ಕೈ, ಭಾನುವಾರ ದಣಪೆಯವರೆಗೆ ಬಂದದ್ದು. ಹೇಳುತ್ತ ಹೇಳುತ್ತ ಅತ್ತೆ. ಎಷ್ಟೋ ತಿಂಗಳ ಮೇಲೆ ಅವಳ ಮುಂದೆ ಬಾಯಿಬಿಟ್ಟಿದ್ದೆ.

ಅವಳು ಕೊನೆಯವರೆಗೂ ಕೇಳಿದಳು.

"ಇಡಗುಂಜಿ ಆಣೆ ದೊಡ್ದೇ ಹೌದು" ಎಂದಳು. "ಸುಳ್ಳು ಅಂತ ನಾ ಹೇಳುದಿಲ್ಲ." ಎಣ್ಣೆಯ ಕೈಯನ್ನು ನಿಧಾನ ಒರೆಸಿಕೊಂಡಳು. "ಆದ್ರೆ ನಿನ್ನ ಜಾಗದಲ್ಲಿ ನಾನಾಗಿದ್ರೆ ಹೇಳ್ಬಿಡ್ತಿದ್ದೆ. ಮರುದಿನ ಇಡಗುಂಜಿಗೆ ಹೋಗಿ ಕೆನ್ನೆ ಬಡ್ಕಂಡು, ತಪ್ಪುಕಾಣಿಕೆ ಹಾಕಿ ಬರ್ತಿದ್ದೆ. ದೇವ್ರು ಒಪ್ಕಂತಿದ್ದ. ಹಾಗೆ ಮಾಡ್ದವ್ರು ಎಷ್ಟು ಜನ ಇಲ್ಲ?"

ಇಷ್ಟು ಸುಲಭದ ದಾರಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಈಗ ನಂಗೆ ಎಂತ ಕಾಣಿಕೆ ಹಾಕ್ತಿ, ಜಯಂತಿ?"

ಸಿಟ್ಟಿನಲ್ಲಿ ಕೇಳಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಬಾಯಿಮಾಡಿ, ಜಗಳ ಕಾದು, ಸಂಜೆಯೊಳಗೆ ಸರಿಯಾಗುತ್ತಿದ್ದೆವು. ಅವಳು ಕಂಬ ಹಿಡಿದು ಎದ್ದು, "ಬಿಸಿಲಲ್ಲಿ ಬಂದಿ, ಕೂತ್ಕೋ" ಎಂದು ಚಾಪೆ ಹಾಸಿದಳು. ಒಳಗೆ ಹೋಗಿ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಲೋಟದಲ್ಲಿ ನೀರು ತಂದು ನನ್ನ ಮುಂದಿಟ್ಟಳು.

ಆ ಮನೆಯಲ್ಲಿ ಬಾಯಾರಿದರೆ ನಾನೇ ಒಳಗೆ ಹೋಗಿ ಕೊಡದಿಂದ ನೀರು ಎತ್ತಿ ಕುಡಿಯುತ್ತಿದ್ದೆ. ಬೆಲ್ಲ ನೀರು ಕೊಡುವುದು ಮನೆಗೆ ಬಂದ ಪರವೂರಿನವರಿಗೆ. ಚಾಪೆಯ ತುದಿಯಲ್ಲಿ ಕೂತು, ಬೆಲ್ಲ ಕಚ್ಚಿ, ನೀರು ಪೂರ್ತಿ ಕುಡಿದು, ಬರುತ್ತೇನೆ ಎಂದು ಹೇಳಿ ಎದ್ದೆ.